ಪೈಪ್: ನಡುವೆ ಕೆಳಗಿಡದೆ ದಾಟಿಸುವ ಗೀಟು

ಮನೆಗೆ ಮೋಲ್ಡ್ ಹಾಕುವ ದಿನ ನೋಡಿದ್ದೀರಲ್ವಾ? ಕಾಂಕ್ರೀಟ್ ಬಾಂಡ್ಲಿ ಕೈಯಿಂದ ಕೈಗೆ ದಾಟುತ್ತಾ ಮೇಲೇರುತ್ತದೆ. ನಡುವೆ ಯಾರೂ ಅದನ್ನು ನೆಲಕ್ಕೆ ಸುರಿದು ಮತ್ತೆ ತುಂಬುವುದಿಲ್ಲ. ಕಂಪ್ಯೂಟರಿಗೆ ಆದೇಶಗಳನ್ನು ಸಾಲಾಗಿ ಬರೆದಿಡುವ ಶೆಲ್ ಸ್ಕ್ರಿಪ್ಟ್‌ನಲ್ಲಿ ಪೈಪ್ ಮಾಡುವುದೂ ಇದನ್ನೇ: ಒಂದು ಪ್ರೋಗ್ರಾಂ ಕೊಟ್ಟದ್ದನ್ನು ನೇರವಾಗಿ ಮುಂದಿನದಕ್ಕೆ ದಾಟಿಸುತ್ತದೆ. ಅದರ ಗುರುತು ಒಂದು ನೆಟ್ಟಗಿನ ಗೀಟು: |

ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದಿದ್ದರು. ತೋಟಕ್ಕೆ ನೀರು ಬಿಡುವ ಪೈಪಿಗೆ ಇನ್ನೊಂದು ತುಂಡು ಸೇರಿಸಿದ ಹಾಗೆ ಪ್ರೋಗ್ರಾಂಗಳನ್ನೂ ಜೋಡಿಸಲು ಬರಬೇಕು ಅಂತ. ಅಲ್ಲಿನದೇ ಆಪರೇಟಿಂಗ್ ಸಿಸ್ಟಂ ಯುನಿಕ್ಸ್‌ಗೆ ಅದು ಬಂದದ್ದು 1973ರಲ್ಲಿ, ಕೆನ್ ಥಾಂಪ್ಸನ್ ಕೈಯಿಂದ.

ಸರ್ವರಿನ ದಿನಚರಿ, ಅಂದರೆ ಲಾಗ್‌ನಿಂದ ಎರರ್ ಸಾಲುಗಳನ್ನು ಹೆಕ್ಕಿ, ಯಾವುದು ಎಷ್ಟು ಸಲ ಬಂದಿದೆ ಎಂದು ಎಣಿಸಬೇಕು ಅಂದುಕೊಳ್ಳಿ. ಹೊಸಬರು ಸಾಲು ಹೆಕ್ಕುವ ಗ್ರೆಪ್ (grep) ಕೊಟ್ಟದ್ದನ್ನು ಒಂದು ಫೈಲಿಗೆ ಬರೆಯುತ್ತಾರೆ. ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್ (sort) ಅದನ್ನು ಓದಿ ಇನ್ನೊಂದಕ್ಕೆ ಬರೆಯುತ್ತದೆ. ಒಂದೇ ಥರದ ಸಾಲುಗಳನ್ನು ಎಣಿಸುವ ಯೂನಿಕ್ (uniq) ಅದನ್ನು ಓದುತ್ತದೆ. ಗೀಟು ಹಾಕಿದರೆ ಆ ಎರಡು ಫೈಲುಗಳೇ ಬೇಡ. ಮೂರೂ ಒಟ್ಟಿಗೆ ಶುರುವಾಗುತ್ತವೆ, ಡೇಟಾ ಮೆಮೊರಿಯಲ್ಲೇ ದಾಟುತ್ತದೆ. ಯುನಿಕ್ಸ್ ಮಾದರಿಯ ಲಿನಕ್ಸ್‌ನಲ್ಲಿ ಒಂದು ಪೈಪ್ ಸಾಮಾನ್ಯವಾಗಿ 64 ಕೆಬಿ ಹಿಡಿಯುತ್ತದೆ. ತುಂಬಿದರೆ ಹಿಂದಿನವನು ಬಾಂಡ್ಲಿ ಹಿಡಿದು ಸುಮ್ನೆ ನಿಲ್ಲಬೇಕು, ಅಷ್ಟೇ.

ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ಲಿನಕ್ಸ್ ಫೈಲಿಗೆ ಬರೆದದ್ದನ್ನೂ ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಆಮೇಲೆ ಡಿಸ್ಕಿಗೆ ಇಳಿಸುತ್ತದೆ. ಹಾಗಾಗಿ ಸಣ್ಣ ಫೈಲುಗಳಲ್ಲಿ ವ್ಯತ್ಯಾಸ ಗೊತ್ತೇ ಆಗದು. ಲಾಗ್ ಕೆಲವು ಜಿಬಿ ಇದ್ದಾಗ, ಅಥವಾ ಡಿಸ್ಕ್ ಬದಲು ಎಸ್‌ಡಿ ಕಾರ್ಡ್ ಇದ್ದಾಗ ಗೊತ್ತಾಗುತ್ತದೆ. ಇನ್ನು ಸಾರ್ಟ್‌ನ ಕಥೆ ಬೇರೆ. ಕೊನೆಯ ಸಾಲು ಕೈಗೆ ಬರುವವರೆಗೆ ಅದು ಮೊದಲ ಸಾಲನ್ನೂ ಬಿಟ್ಟುಕೊಡದು. ಡೇಟಾ ಜಾಸ್ತಿಯಾದರೆ ತಾನೇ ತಾತ್ಕಾಲಿಕ ಫೈಲು ಮಾಡಿಕೊಳ್ಳುತ್ತದೆ.

ಸ್ಕ್ರಿಪ್ಟ್ ನಿಧಾನ ಎಂದು ಯಾರಾದರೂ ತಂದು ತೋರಿಸಿದರೆ ನಾನು ಮೊದಲು ನೋಡುವುದು ಲೂಪ್ ಒಳಗೆ ಫೈಲಿನ ಕೊನೆಗೆ ಸಾಲು ಸೇರಿಸುವ >> ಗುರುತನ್ನು. ಲಕ್ಷ ಸಾಲು ಇದ್ದರೆ ಲಕ್ಷ ಸಲ ಫೈಲು ತೆರೆದು ಮುಚ್ಚಿದ ಹಾಗೆ! ಅದನ್ನು ತೆಗೆದು, ಲೂಪ್ ಮುಗಿಸುವ 'ಡನ್' (done) ಪದದ ನಂತರ ಫೈಲಿಗೆ ಬರೆಯುವ ಒಂದೇ ಒಂದು > ಹಾಕಿ. ಬರೆಯುವುದು ಅಷ್ಟೇ ಸಲ, ಆದರೆ ತೆರೆಯುವುದು ಒಂದೇ ಸಲ. ಅದೇ ಗುರುತಿನ ಜಾಗದಲ್ಲಿ ಗೀಟು ಹಾಕಿದರೆ ಇಡೀ ಲೂಪ್ ಮುಂದಿನ ಪ್ರೋಗ್ರಾಂಗೆ ನೇರವಾಗಿ ಸುರಿಯುತ್ತದೆ.

ನಡುವಿನ ಫಲಿತಾಂಶವನ್ನು ಎರಡು ಸಲ ಓದಬೇಕಿದ್ದರೆ ಫೈಲು ಇಟ್ಟುಕೊಳ್ಳುವುದೇ ಸುಲಭ. ಪೈಪಿನಲ್ಲಿ ಹರಿದದ್ದು ವಾಪಸ್ ಬರುವುದಿಲ್ಲ. ಅಂಥ ಫೈಲಿಗೆ ಲಿನಕ್ಸ್‌ನಲ್ಲಿ /ಡೆವ್/ಎಸ್‌ಎಚ್‌ಎಂ (/dev/shm) ಎಂಬ ಜಾಗವಿದೆ. ನೋಡಲು ಫೋಲ್ಡರ್, ಒಳಗೆ ಮೆಮೊರಿ. ಕೆಲಸ ಮುಗಿದ ಮೇಲೆ ಅಳಿಸುವುದನ್ನು ಮಾತ್ರ ಮರೆಯಬೇಡಿ, ಅದು ತಿನ್ನುವುದು ನಿಮ್ಮ ರ್‍ಯಾಮನ್ನೇ.