ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಬಲ್ಬ್ ಮಿಣಮಿಣ ಉರಿಯುವುದೇಕೆ?

ಪ್ರಶ್ನೆ: ರಾತ್ರಿ ಸ್ವಿಚ್ ಆಫ್ ಮಾಡಿದ ಮೇಲೂ ನಮ್ಮ ಹಾಲ್‌ನ ಎಲ್‌ಇಡಿ ಬಲ್ಬ್ ಮಂದವಾಗಿ ಉರಿಯುತ್ತದೆ. ಎರಡು ಸಲ ಬಲ್ಬ್ ಬದಲಾಯಿಸಿ ಆಯಿತು. ಡೂಪ್ಲಿಕೇಟ್ ಮಾಲು ಇರಬಹುದೇ?

ಉತ್ತರ: ಮತ್ತೆ ಡೂಪ್ಲಿಕೇಟ್! ಎಷ್ಟು ಸಲ ಹೇಳಿದರೂ ಈ ಅನುಮಾನ ಹೋಗುವುದಿಲ್ಲ. ಮೂರನೇ ಬಲ್ಬ್ ತಂದು ದುಡ್ಡು ಕಳೆಯಬೇಡಿ, ಅದೂ ಹೀಗೇ ಉರಿಯುವ ಸಾಧ್ಯತೆಯೇ ಜಾಸ್ತಿ. ಸ್ವಿಚ್ ಆಫ್ ಇದ್ದರೂ ಎಲ್ಲಿಂದಲೋ ಚೂರು ಕರೆಂಟ್ ಬಲ್ಬ್‌ಗೆ ಸೋರುತ್ತಿದೆ, ಅಷ್ಟೇ.

‘ಹಳೆ ಬಲ್ಬ್ ಇದ್ದಾಗ ಈ ಕಾಟ ಇರಲಿಲ್ಲವಲ್ಲ’ ಅಂತ ಎಲ್ಲರೂ ವಾದಿಸುತ್ತಾರೆ. ಇತ್ತು ಸ್ವಾಮಿ, ಕಣ್ಣಿಗೆ ಕಾಣುತ್ತಿರಲಿಲ್ಲ. ಲೆಕ್ಕ ನೋಡಿ. 60 ವ್ಯಾಟ್‌ನ ಹಳೆ ಬಲ್ಬ್ 230 ವೋಲ್ಟ್‌ನಲ್ಲಿ ಸುಮಾರು 260 ಮಿಲಿಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟ್ ಹರಿದು ಒಳಗಿನ ತಂತಿ ಕಾದರೆ ಮಾತ್ರ ಬೆಳಕು. ಒಂದು ಮಿಲಿಆಂಪಿಯರ್ ಸೋರಿದರೆ ಆ ತಂತಿಗೆ ಬಿಸಿಯೂ ತಾಗುವುದಿಲ್ಲ. ಎಲ್‌ಇಡಿಗೆ ಕಾಯುವ ಕೆಲಸವೇ ಇಲ್ಲ. ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ ಸೋರಿಕೆ ಸಾಕು, ಮಿನುಗುತ್ತದೆ. ಕೆಲವು ಬಲ್ಬ್‌ಗಳಲ್ಲಿ ಕೆಪಾಸಿಟರ್ (ಕರೆಂಟ್ ಕೂಡಿಟ್ಟುಕೊಳ್ಳುವ ಪುಟ್ಟ ಭಾಗ) ನಿಧಾನಕ್ಕೆ ತುಂಬಿಕೊಂಡು ಆಗಾಗ ಪಳಕ್ ಅಂತ ಮಿಂಚಿ ಆರುತ್ತದೆ. ಇನ್ನು ಕೆಲವು ಬಲ್ಬ್‌ಗಳ ಒಳಗೆ ಈ ಸೋರಿಕೆಯನ್ನು ನುಂಗಿಕೊಳ್ಳುವ ರೆಸಿಸ್ಟರ್ ಇರುತ್ತದೆ. ಅಂಥದ್ದು ಹಾಕಿದರೆ ಬೆಳಕು ನಿಲ್ಲುತ್ತದೆ. ನಿಂತಿತು ಅಂತ ‘ಹಳೆಯದು ಡೂಪ್ಲಿಕೇಟೇ’ ಎಂದು ಗೆದ್ದವರಂತೆ ಹೇಳುತ್ತಾರೆ. ವೈರಿಂಗ್ ಮಾತ್ರ ಹೇಗಿತ್ತೋ ಹಾಗೇ ಇರುತ್ತದೆ.

ಹಾಗಾದರೆ ಸೋರುವುದು ಎಲ್ಲಿ? ಸ್ವಿಚ್‌ನಲ್ಲಿ, ಆಫ್ ಇದ್ದಾಗ ಉರಿಯುವ ಪುಟ್ಟ ಇಂಡಿಕೇಟರ್ ಇದೆಯಾ ನೋಡಿ. ಅದರ ಕರೆಂಟ್ ಬಲ್ಬ್ ಮೂಲಕವೇ ಹೋಗುತ್ತದೆ. ಮೆಟ್ಟಿಲಿನ ಟೂ-ವೇ ಸ್ವಿಚ್‌ನಲ್ಲಿ ಉದ್ದಕ್ಕೂ ಜೊತೆಜೊತೆಗೆ ಓಡುವ ವೈರ್‌ಗಳಿಂದಲೂ ಹೀಗಾಗುತ್ತದೆ. ಇವೆರಡೂ ನಿರುಪದ್ರವಿ.

ಮೂರನೆಯದು ಹಾಗಲ್ಲ. ವೈರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸ್‌ಗೆ (ಶಾಕ್ ಹೊಡೆಯುವ ವೈರ್) ಕೊಡುವ ಬದಲು ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗುವ ವೈರ್) ಕೊಟ್ಟಿರುತ್ತಾರೆ. ಆಫ್ ಮಾಡಿದರೂ ಹೋಲ್ಡರ್‌ವರೆಗೆ ಫೇಸ್ ಬಂದು ನಿಂತಿರುತ್ತದೆ. ಹಬ್ಬಕ್ಕೆ ಜೇಡರ ಬಲೆ ತೆಗೆಯುವಾಗ ‘ಸ್ವಿಚ್ ಆಫ್ ಇದೆಯಲ್ಲ’ ಅಂತ ಹೋಲ್ಡರ್ ಒಳಗೆ ಮುಟ್ಟಿದರೆ ಶಾಕ್ ಹೊಡೆಯಬಹುದು. ಒಂದೇ ಬಲ್ಬ್ ಹೀಗೆ ಉರಿದರೆ ಆ ಬೋರ್ಡಿನ ತಪ್ಪು. ಇಡೀ ಮನೆಯಲ್ಲಿ ಹೀಗಾದರೆ ಮೀಟರ್ ಹತ್ತಿರವೋ ಕಂಬದಲ್ಲೋ ಫೇಸ್-ನ್ಯೂಟ್ರಲ್ ಅದಲುಬದಲಾಗಿರಬಹುದು. ಎಲೆಕ್ಟ್ರಿಷಿಯನ್ ಕರೆಸಿ, ಸ್ವಿಚ್ ಆಫ್ ಇದ್ದಾಗ ಹೋಲ್ಡರ್‌ಗೆ ಟೆಸ್ಟರ್ ಇಡಿಸಿ. ಟೆಸ್ಟರಿನ ದೀಪ ಜೋರಾಗಿ ಉರಿದರೆ ವೈರಿಂಗ್ ಸರಿ ಮಾಡಿಸಲೇಬೇಕು. ಅಲ್ಲಿಯವರೆಗೆ ಬಲ್ಬ್ ಬದಲಿಸುವಾಗ ಮೇನ್ ಆಫ್ ಮಾಡಿ.

ಬಿಲ್ ಬಗ್ಗೆಯೂ ಭಯ ಬೇಡ. ಅರ್ಧ ವ್ಯಾಟ್ ಸೋರುತ್ತದೆ ಅಂತಲೇ ಇಟ್ಟುಕೊಳ್ಳಿ. ತಿಂಗಳಿಡೀ ಉರಿದರೂ 0.36 ಯೂನಿಟ್.

ಹೇಗೂ ಮಾತು ಬಂತು, ಡಿಮ್ಮರ್ (ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಸ್ವಿಚ್) ಬಗ್ಗೆಯೂ ಹೇಳಿಬಿಡುತ್ತೇನೆ. ಹಳೆ ಡಿಮ್ಮರ್‌ಗೆ 9 ವ್ಯಾಟ್‌ನ ಎಲ್‌ಇಡಿ ಹಾಕಿ ‘ಪಟಪಟ ಅಂತಿದೆ’ ಅಂದರೆ ಏನು ಹೇಳಲಿ? ಆ ಡಿಮ್ಮರ್‌ಗಳು ಕರೆಂಟಿನ ಪ್ರತಿ ಅಲೆಯನ್ನೂ ಸ್ವಲ್ಪ ಕತ್ತರಿಸಿ ಬಲ್ಬ್‌ಗೆ ಕೊಡುತ್ತವೆ. ಸರಿಯಾಗಿ ಕೆಲಸ ಮಾಡಲು ಸಾಮಾನ್ಯವಾಗಿ 40 ವ್ಯಾಟ್ ಆಸುಪಾಸಿನ ಲೋಡ್ ಆದರೂ ಬೇಕು. ಡಬ್ಬದ ಮೇಲೆ ‘ಡಿಮ್ಮಬಲ್’ ಅಂತ ಇರುವ ಬಲ್ಬ್ ಕೊಳ್ಳಿ, ಡಿಮ್ಮರನ್ನೂ ಎಲ್‌ಇಡಿಗೆ ಹೊಂದುವಂಥದ್ದು ಹಾಕಿಸಿ. ಫ್ಯಾನ್ ರೆಗ್ಯುಲೇಟರ್‌ಗೆ ಬಲ್ಬ್ ಜೋಡಿಸಬಹುದಾ ಅಂತ ಮುಂದಿನ ಸಲ ಕೇಳಬೇಡಿ. ಜೋಡಿಸಬಾರದು.