ಡಾರ್ವಿನ್ ಮೂಗು, ಅಕ್ಕನ ವೋಟು

"ಗವರ್ನರ್ ಎಲೆಕ್ಷನ್ ಬಂತು ಕಣೋ, ಯಾರಿಗೆ ಹಾಕ್ಲಿ?"

2025ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಎಡಿಸನ್‌ನಿಂದ ಅಕ್ಕ ಫೋನ್ ಮಾಡಿದ್ದಳು. ಅಲ್ಲಿನ ಪೌರತ್ವ ಸಿಕ್ಕ ಮೇಲೆ ಅವಳಿಗೆ ಇದೇ ಮೊದಲ ಗವರ್ನರ್ ಚುನಾವಣೆ. ಪಕ್ಕದಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದ ಅಮ್ಮ ತಲೆಯೆತ್ತಿದಳು. "ರಾಜ್ಯಪಾಲರಿಗೂ ವೋಟು ಹಾಕ್ತಾರಾ?"

ಅಲ್ಲಿ ಹಾಕುತ್ತಾರೆ. ಅಮೆರಿಕದ ಗವರ್ನರ್ ಅಂದರೆ ಹೆಚ್ಚುಕಮ್ಮಿ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಜನರೇ ನೇರವಾಗಿ ಆರಿಸುತ್ತಾರೆ. ನಮ್ಮಲ್ಲೂ ಇದು ಆಗಬೇಕಿತ್ತು ಅನ್ನಿ. 1947ರಲ್ಲಿ ಸರ್ದಾರ್ ಪಟೇಲರ ಸಮಿತಿ, ರಾಜ್ಯಪಾಲರನ್ನು ಜನರೇ ವೋಟು ಹಾಕಿ ಆರಿಸಲಿ ಎಂದಿತ್ತು. ಒಂದೇ ರಾಜ್ಯದಲ್ಲಿ ಜನ ಆರಿಸಿದ ಇಬ್ಬರು ದೊಡ್ಡವರಿದ್ದರೆ ಜಗಳ ತಪ್ಪಲ್ಲ ಎಂಬ ಅಂಜಿಕೆಯಿಂದ 1949ರಲ್ಲಿ ಸಂವಿಧಾನ ಸಭೆ ಅದನ್ನು ಕೈಬಿಟ್ಟಿತು.

ಅಕ್ಕನ ಮುಂದೆ ಇದ್ದ ಮುಖ್ಯ ಅಭ್ಯರ್ಥಿಗಳು ಇಬ್ಬರು. ಡೆಮಾಕ್ರಟಿಕ್ ಪಕ್ಷದ ಮಿಕಿ ಶೆರಿಲ್, ರಿಪಬ್ಲಿಕನ್ ಪಕ್ಷದ ಜಾಕ್ ಚಿಟರೆಲ್ಲಿ. ನಾನೊಂದು ಕಿತಾಪತಿ ಮಾಡಿದೆ. ಮೊಬೈಲಿನಲ್ಲಿ ಇಬ್ಬರ ಫೋಟೋ ತೆಗೆದು, ಹೆಸರು ಹೇಳದೆ, ಅಮ್ಮನ ಮುಂದೆ ಹಿಡಿದೆ. "ರಾಜ್ಯ ನಡೆಸೋಕೆ ಇವರಲ್ಲಿ ಯಾರು ಲಾಯಕ್ಕು?" ಕೈಯಲ್ಲಿದ್ದ ಬೀನ್ಸ್ ಮುರಿಯುವ ಮೊದಲೇ ಬೆರಳು ಒಂದು ಫೋಟೋ ಮೇಲಿತ್ತು. "ಮುಖ ನೋಡಿದ್ರೆ ಗೊತ್ತಾಗಲ್ವಾ?"

ಯಾರ ಫೋಟೋ ಅಂತ ಹೇಳಲ್ಲ. ನನಗೆ ಬೇಕಾಗಿದ್ದು ಆ ವೇಗ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಬಾಲ್ಯೂ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಇದನ್ನೇ ಅಚ್ಚುಕಟ್ಟಾಗಿ ಮಾಡಿ 2007ರಲ್ಲಿ ಪ್ರಕಟಿಸಿದರು. ಗವರ್ನರ್ ಚುನಾವಣೆಗಳಲ್ಲಿ ಮೊದಲ ಎರಡು ಸ್ಥಾನ ಪಡೆದವರ ಮುಖಗಳನ್ನು ಜೋಡಿ ಜೋಡಿಯಾಗಿ ತೋರಿಸಿ, ಯಾರು ಹೆಚ್ಚು ಸಮರ್ಥರು ಅಂತ ಕೇಳಿದರು. ಪರಿಚಯದ ಮುಖ ಇದ್ದರೆ ಆ ಉತ್ತರ ಲೆಕ್ಕಕ್ಕಿಲ್ಲ. ಕೆಲವರಿಗೆ ಮುಖ ಕಂಡದ್ದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ. 2006ರ ಚುನಾವಣೆಗೆ ಮುಂಚೆಯೇ ಇದೇ ಪರೀಕ್ಷೆ ಮಾಡಿದಾಗ, ಜನ "ಸಮರ್ಥ" ಎಂದ ಮುಖವೇ ಶೇ 69ರಷ್ಟು ಗವರ್ನರ್ ಸ್ಪರ್ಧೆಗಳಲ್ಲಿ ಗೆದ್ದಿತು. ನಾಣ್ಯ ಚಿಮ್ಮಿದ್ದರೆ ಶೇ 50 ಬರುತ್ತಿತ್ತು.

ಇನ್ನೊಂದು ಮಜಾ ಇದೆ. "ಚೆನ್ನಾಗಿ ಯೋಚಿಸಿ ಹೇಳಿ" ಎಂದು ಸಮಯ ಕೊಟ್ಟಾಗ ಊಹೆಯ ನಿಖರತೆ ಕಡಿಮೆಯಾಯಿತು! 2009ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳಿಗೆ ಫ್ರಾನ್ಸಿನ ಅಭ್ಯರ್ಥಿಗಳ ಫೋಟೋ ತೋರಿಸಿ "ನಿಮ್ಮ ಹಡಗಿಗೆ ಯಾರು ಕ್ಯಾಪ್ಟನ್?" ಅಂತ ಕೇಳಿದರೆ, ಅವೂ ಸುಮಾರು ಶೇ 71 ಸಲ ಗೆದ್ದವರನ್ನೇ ಆರಿಸಿದವು.

ಇಷ್ಟು ಹೇಳಿದರೆ ಸಾಕು, ಯಾರಾದರೂ ಒಬ್ಬರು "ನೋಡಿ, ಸಾಮುದ್ರಿಕ ಶಾಸ್ತ್ರ ಸುಳ್ಳಲ್ಲ" ಅಂತ ಎದ್ದು ನಿಲ್ಲುತ್ತಾರೆ. ಸ್ವಲ್ಪ ಕೂತ್ಕೊಳ್ಳಿ ಸ್ವಾಮಿ. ಮುಖ ಹೇಳಿದ್ದು ಯಾರು ಗೆಲ್ಲುತ್ತಾರೆ ಅಂತ, ಯಾರು ಚೆನ್ನಾಗಿ ಆಳುತ್ತಾರೆ ಅಂತಲ್ಲ. ದೊಡ್ಡ ಬೋರ್ಡ್ ಇರುವ ಹೋಟೆಲಿನಲ್ಲೇ ದೋಸೆ ಚೆನ್ನಾಗಿರುತ್ತೆ ಅಂತ ಊರೆಲ್ಲ ನಂಬಿದರೆ ಜನ ಅಲ್ಲೇ ನುಗ್ಗುತ್ತಾರೆ. ಬೋರ್ಡ್ ಅಳೆದು ನೀವು ಕ್ಯೂ ಎಷ್ಟುದ್ದ ಅಂತ ಹೇಳಬಹುದು. ದೋಸೆ ರುಚಿ ಹೇಳೋಕಾಗಲ್ಲ. ಗೆಲ್ಲುವ ಕಡೆ ಪಕ್ಷಗಳೇ ಒಳ್ಳೆ ಮುಖದವರನ್ನು ನಿಲ್ಲಿಸುವುದೂ ಉಂಟು. ಹಾಗಾಗಿ ಗೆಲುವೆಲ್ಲ ಮುಖದಿಂದಲೇ ಬಂತು ಅಂತಲೂ ಅಲ್ಲ.

ತಲೆಯೊಳಗೆ ಆಗುವುದೇನು? ಕಷ್ಟದ ಪ್ರಶ್ನೆ ಬಂದಾಗ ಮಿದುಳು ಸದ್ದಿಲ್ಲದೆ ಸುಲಭದ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತದೆ. ಅಂಗಡಿಯವನ ಹತ್ತಿರ ತೊಗರಿಬೇಳೆ ಕೇಳುತ್ತೀರಿ. ಅವನ ಹತ್ತಿರ ಇಲ್ಲ. ಇಲ್ಲ ಅನ್ನುವ ಬದಲು ಹೆಸರುಬೇಳೆ ಕಟ್ಟಿ ಚೀಲಕ್ಕೆ ಹಾಕುತ್ತಾನೆ. ಮನೆಗೆ ಬಂದು ನೀವೂ ಬಿಚ್ಚಿ ನೋಡಲ್ಲ, ಸೀದಾ ಕುಕ್ಕರಿಗೆ. ಪರೀಕ್ಷೆಯಲ್ಲಿ ಹಸುವಿನ ಮೇಲೆ ಪ್ರಬಂಧ ಕೇಳಿದರೆ, ಹಸು ಕಟ್ಟಿದ ತೆಂಗಿನ ಮರದ ಬಗ್ಗೆ ಎರಡು ಪುಟ ಬರೆಯುವ ಹುಡುಗನ ಕಥೆಯೂ ಇದೇ. ವ್ಯತ್ಯಾಸ ಒಂದೇ. ಆ ಹುಡುಗನಿಗೆ ತಾನು ಮಾಡ್ತಿರೋದು ಗೊತ್ತು. ಮಿದುಳು ನಮಗೇ ಹೇಳಲ್ಲ. "ಇವರು ಬಜೆಟ್ ಸಂಭಾಳಿಸ್ತಾರಾ?" ಅಂತ ಕೇಳಿದರೆ "ದವಡೆ ಗಟ್ಟಿಯಾಗಿದೆ" ಅಂತ ಉತ್ತರ ಸಿದ್ಧ.

ಈ ಚಟ ಹಳೆಯದು. 1831ರಲ್ಲಿ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್, ಚಾರ್ಲ್ಸ್ ಡಾರ್ವಿನ್ನರ ಮೂಗಿನ ಆಕಾರ ನೋಡಿ ಅವರನ್ನು ಬೇಡ ಅನ್ನುವವನಿದ್ದ. ಇಂಥ ಮೂಗಿನವನಿಗೆ ಅಷ್ಟು ದೂರ ಪಯಣಿಸುವ ಗಟ್ಟಿತನ ಎಲ್ಲಿಂದ ಬರಬೇಕು ಅಂತ. ಸ್ವಿಸ್ ಪಾದ್ರಿ ಲಾವಾಟರ್ ಹರಡಿದ್ದ ಮುಖಲಕ್ಷಣ ವಿದ್ಯೆಯ ಭಕ್ತ ಅವನು. ಹೇಗೋ ಒಪ್ಪಿದ. ಪಯಣ ಸುಮಾರು ಐದು ವರ್ಷ ನಡೆಯಿತು. ನನ್ನ ಮೂಗು ಸುಳ್ಳು ಹೇಳಿತ್ತು ಅಂತ ಕ್ಯಾಪ್ಟನ್ನನಿಗೆ ಆಮೇಲೆ ಮನವರಿಕೆ ಆಗಿರಬೇಕು ಎಂದು ಡಾರ್ವಿನ್ ತಮಾಷೆಯಾಗಿ ಬರೆದುಕೊಂಡಿದ್ದಾರೆ. ಅದೇ ಫಿಟ್ಜ್‌ರಾಯ್ 1843ರಲ್ಲಿ ನ್ಯೂಜಿಲೆಂಡಿನ ಗವರ್ನರ್ ಆದ. ಎರಡೇ ವರ್ಷದಲ್ಲಿ ಲಂಡನ್ ಅವನನ್ನು ವಾಪಸ್ ಕರೆಸಿಕೊಂಡಿತು. ಅವನ ಮೂಗು ಹೇಗಿತ್ತೋ, ಯಾರೂ ಕೇಳಿದಂತಿಲ್ಲ.

ಅಕ್ಕನಿಗೆ ಇದೆಲ್ಲ ಹೇಳಿದೆ. "ಹಾಗಾದ್ರೆ ಕಣ್ಣು ಮುಚ್ಚಿ ಹಾಕ್ಲಾ?" ಅಂದಳು. ಬೇಡ. ಮುಖದ ಪ್ರಭಾವ ಎಲ್ಲರ ಮೇಲೂ ಒಂದೇ ಅಲ್ಲ. ರಾಜಕೀಯ ಕಡಿಮೆ ಗೊತ್ತಿದ್ದು ಟಿವಿ ಜಾಸ್ತಿ ನೋಡುವವರ ಮೇಲೇ ಹೆಚ್ಚು ಅಂತ ಗೇಬ್ರಿಯಲ್ ಲೆಂಜ್ ಮತ್ತು ಚಾಪೆಲ್ ಲಾಸನ್ 2011ರಲ್ಲಿ ತೋರಿಸಿದ್ದಾರೆ. ಬೇಳೆ ಇರುವ ಅಂಗಡಿಯವನು ಬದಲಿ ಕಟ್ಟೋದು ಕಡಿಮೆ.

ಅಕ್ಕ ಒಂದು ಹಾಳೆ ತಗೊಂಡಳು. ನ್ಯೂಜೆರ್ಸಿಯ ಗವರ್ನರ್ ಕೈ ಉದ್ದ. ಅಟಾರ್ನಿ ಜನರಲ್, ನ್ಯಾಯಾಧೀಶರನ್ನು ಹೆಸರಿಸುವುದು ಅವರೇ. ಬಜೆಟ್ಟಿನಲ್ಲಿ ಬೇಡದ ಸಾಲನ್ನು ಹೊಡೆದುಹಾಕುವ ಅಧಿಕಾರವೂ ಇದೆ. ಆ ವರ್ಷ ಎಲ್ಲರ ಬಾಯಲ್ಲೂ ಕರೆಂಟ್ ಬಿಲ್. ಶೆರಿಲ್, ತುರ್ತು ಪರಿಸ್ಥಿತಿ ಘೋಷಿಸಿ ದರ ಏರದಂತೆ ಹಿಡಿಯುತ್ತೇನೆ ಅಂದಿದ್ದರು. ಚಿಟರೆಲ್ಲಿ, ಇಂಗಾಲದ ಮಿತಿ ಹಾಕುವ ರಾಜ್ಯಗಳ ಒಕ್ಕೂಟದಿಂದ ಹೊರಬಂದು ಬಿಲ್ ಇಳಿಸುತ್ತೇನೆ ಅಂದಿದ್ದರು. ಎರಡನ್ನೂ ಹೆಸರಿಲ್ಲದೆ ಬರೆದು, ಯಾವುದು ನಡೆಯುತ್ತೆ, ದುಡ್ಡು ಎಲ್ಲಿಂದ ಬರುತ್ತೆ ಅಂತ ಭಾವನ ಜೊತೆ ಒಂದು ಸಂಜೆ ಜಗಳವಾಡಿದಳಂತೆ. ನವೆಂಬರ್ 4ಕ್ಕೆ ಹಾಕಿ ಬಂದಳು. ಯಾರಿಗೆ ಅಂತ ನನಗೂ ಹೇಳಿಲ್ಲ. ಶೆರಿಲ್ ಗೆದ್ದರು.

ಆಮೇಲೆ ಮಾದರಿ ಮತಪತ್ರದ ಫೋಟೋ ಕಳಿಸಿದಳು. ಬರೀ ಹೆಸರುಗಳು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು.

"ಮುಖವೇ ಇಲ್ವಲ್ಲೋ! ನಮ್ಮ ಮೆಷಿನ್‌ನಲ್ಲಿ ಇರುತ್ತೆ."

ಹೌದು. ಒಂದೇ ಹೆಸರಿನವರು ನಿಂತು ಗೊಂದಲ ಆಗದಿರಲಿ ಅಂತ 2015ರಿಂದ ನಮ್ಮಲ್ಲಿ ಅಭ್ಯರ್ಥಿಯ ಫೋಟೋ ಹಾಕುತ್ತಾರೆ. 2025ರ ಬಿಹಾರ ಚುನಾವಣೆಯಿಂದ ಅದು ಕಲರ್ ಆಗಿದೆ. ಫೋಟೋದ ಮುಕ್ಕಾಲು ಭಾಗ ಮುಖವೇ ಇರಬೇಕು ಅಂತ ನಿಯಮ.