ಎನ್.ಎಸ್.ಎಸ್. ಟಿಪ್ಪಣಿ: ಸಲಿಕೆ ಹಿಡಿಯುವ ಮೊದಲು ಕೇಳಬೇಕಾದದ್ದು

ಈ ವರ್ಷ ಕಾಲೇಜಿನಲ್ಲಿ ಎನ್.ಎಸ್.ಎಸ್. (ರಾಷ್ಟ್ರೀಯ ಸೇವಾ ಯೋಜನೆ) ಸೇರಿದ ತಮ್ಮ-ತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಸವಿ, ಅಂಕಿ ಎಲ್ಲ ಇದೆ, ಪರೀಕ್ಷೆಗೆ ಬೇಕಾಗುತ್ತದೆ. ಆದರೆ ಜಾಸ್ತಿ ಜಾಗ ಕೊಟ್ಟಿರುವುದು ಶಿಬಿರದಲ್ಲಿ ಕಲಿತ ಎರಡು ಸಂಗತಿಗಳಿಗೆ. ಅವು ಯಾವ ಕೈಪಿಡಿ ಓದಿದರೂ ನನಗೆ ತಲೆಗೆ ಹೋಗಿರಲಿಲ್ಲ.

ಹುಟ್ಟಿದ ಕತೆ

ಓದುವ ಹುಡುಗರು ಸಮಾಜಕ್ಕೆ ಏನಾದರೂ ಮಾಡಬೇಕು ಎನ್ನುವುದರಲ್ಲಿ ಯಾರಿಗೂ ತಕರಾರು ಇರಲಿಲ್ಲ. ಚರ್ಚೆ ಇದ್ದದ್ದು ಒಂದೇ ಮಾತಿಗೆ: ಇದನ್ನು ಕಡ್ಡಾಯ ಮಾಡಬೇಕಾ, ಮನಸ್ಸಿದ್ದವರು ಬರಲಿ ಅಂತ ಬಿಡಬೇಕಾ?

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಡಾ. ಎಸ್. ರಾಧಾಕೃಷ್ಣನ್ ಅವರ ಶಿಕ್ಷಣ ಆಯೋಗ ಮನಸ್ಸಿದ್ದವರು ಮಾಡಲಿ ಎಂದಿತ್ತು. 1959ರಲ್ಲಿ ನೇಮಕವಾದ ಸಿ.ಡಿ. ದೇಶಮುಖ್ ಸಮಿತಿ ಇದಕ್ಕೆ ತದ್ವಿರುದ್ಧ. ಹೈಸ್ಕೂಲು ಮುಗಿಸಿ ಕಾಲೇಜಿಗೆ ಬರುವವರು 9 ತಿಂಗಳಿಂದ ಒಂದು ವರ್ಷ ಸೇವೆ ಮಾಡಲೇಬೇಕು ಎಂದು ಅದು ಹೇಳಿತು. ಖರ್ಚಿನ ಲೆಕ್ಕ ನೋಡಿ ಸರ್ಕಾರ ಅದನ್ನು ಕೈಬಿಟ್ಟಿತು. ಆಮೇಲೆ ಶಿಕ್ಷಣ ತಜ್ಞ ಕೆ.ಜಿ. ಸೈಯಿದೈನ್ ಬೇರೆ ಬೇರೆ ದೇಶಗಳಲ್ಲಿ ಯುವಕರ ಸೇವೆ ಹೇಗೆ ನಡೆಯುತ್ತದೆ ಎಂದು ನೋಡಿ ಬಂದು, ಬಲವಂತ ಬೇಡ ಎಂದರು. 1964–66ರ ಕೊಠಾರಿ ಆಯೋಗ ಓದಿನ ಎಲ್ಲ ಹಂತದಲ್ಲೂ ಸೇವೆ ಇರಲಿ ಎಂದಿತು.

ಕೊನೆಗೆ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಅದು ಗಾಂಧೀಜಿಯವರ ಶತಮಾನೋತ್ಸವದ ವರ್ಷ. ಆಗ 37 ವಿಶ್ವವಿದ್ಯಾಲಯ, 40,000 ವಿದ್ಯಾರ್ಥಿಗಳು. ಚಾಲನೆ ಕೊಟ್ಟವರು ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್. ಇವರು ಬಳ್ಳಾರಿಯಿಂದ ಗೆದ್ದ ಸಂಸದರು, ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಾಮಾಜಿಕ, ಆರ್ಥಿಕ ಸಂಶೋಧನಾ ಸಂಸ್ಥೆ ಕಟ್ಟಿದವರು. ನಮ್ಮವರೇ ಅನ್ನುವಷ್ಟು ಹತ್ತಿರದವರು, ಆದರೂ ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರಿಗೆ ಇವರ ಹೆಸರೇ ಗೊತ್ತಿರಲಿಲ್ಲ.

ಬ್ಯಾಡ್ಜು, ಗಂಟೆ ಲೆಕ್ಕ

ಬ್ಯಾಡ್ಜಿನಲ್ಲಿರುವುದು ಕೋನಾರ್ಕ್ ಸೂರ್ಯ ದೇವಾಲಯದ ಚಕ್ರ. ಅದರ 8 ಕಡ್ಡಿಗಳು ದಿನದ 24 ಗಂಟೆಯನ್ನು ಸೂಚಿಸುತ್ತವೆ. ಇದನ್ನು ನೆನಪಿಡಲು ನಮ್ಮ ಅಜ್ಜಿಯರ ಲೆಕ್ಕವೇ ಸಾಕು: ಒಂದು ಜಾವಕ್ಕೆ 3 ಗಂಟೆ, 8 ಜಾವ ಸೇರಿದರೆ ಒಂದು ದಿನ. ಧ್ಯೇಯವಾಕ್ಯ ‘ನನಗಲ್ಲ, ನಿನಗೆ’.

ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಅಂದರೆ ವರ್ಷಕ್ಕೆ 120. ಜೊತೆಗೆ ದತ್ತು ತೆಗೆದುಕೊಂಡ ಊರಿನಲ್ಲಿ 7 ದಿನದ ವಿಶೇಷ ಶಿಬಿರ. ಎರಡೂ ಆದರೆ ಸರ್ಟಿಫಿಕೇಟು. ಎಲ್ಲರ ಬಾಯಲ್ಲೂ ಶಿಬಿರದ್ದೇ ಮಾತು. ಹಾಡು, ಊಟ, ಶ್ರಮದಾನ, ಕ್ಯಾಂಪ್‌ಫೈರ್, ಚೆನ್ನಾಗಿಯೇ ಇರುತ್ತದೆ. ಆದರೆ ಬಡವರಿಗೆ ನಿಜವಾಗಿ ಆಸರೆಯಾಗುವುದು ಆ 120 ಗಂಟೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ರಂಗೋಲಿಯಲ್ಲಿ ಬರೆದ ಎರಡು ಊರು

ನಮ್ಮ ಶಿಬಿರದ ಎರಡನೇ ದಿನ ಊರಿನವರ ಕೈಯಲ್ಲೇ ಊರಿನ ನಕ್ಷೆ ಬರೆಸುವ ಪದ್ಧತಿ ಇದೆ. ಇದು ಪಿ.ಆರ್.ಎ., ಅಂದರೆ ಊರಿನವರೇ ಸೇರಿ ಊರಿನ ಸ್ಥಿತಿಗತಿ ಗುರುತಿಸುವ ವಿಧಾನದ ಒಂದು ಭಾಗ. ಕಾಗದ ಬೇಡ, ಪೆನ್ನು ಬೇಡ. ನೆಲ ಸಾರಿಸಿ ರಂಗೋಲಿ ಪುಡಿಯಲ್ಲಿ ಬೀದಿ, ಅರಿಶಿನದಲ್ಲಿ ಮನೆ, ಇದ್ದಿಲ ಪುಡಿಯಲ್ಲಿ ಬೋರ್‌ವೆಲ್. ಓದು ಬಾರದವರೂ ಬರೆಯಬಹುದು ಎನ್ನುವುದೇ ಇದರ ಉದ್ದೇಶ.

ನಾವು ಹನುಮಂತನ ಗುಡಿಯ ಮುಂದೆ ಬರೆಸಿದೆವು. ನೆರಳಿತ್ತು, ಜಾಗ ದೊಡ್ಡದಿತ್ತು. ಗಂಡಸರು ಹತ್ತು ಹನ್ನೆರಡು ಜನ ಬಂದು ಅರ್ಧ ಗಂಟೆಯಲ್ಲಿ ಚೆಂದದ ನಕ್ಷೆ ಬರೆದರು. ಏನು ಕೆಲಸ ಮಾಡಿಕೊಡೋಣ ಎಂದು ಕೇಳಿದೆವು. ಗುಡಿಯ ಸುತ್ತ ಕ್ಲೀನ್ ಮಾಡಿ, ಬಸ್‌ಸ್ಟಾಂಡಿಗೆ ಬಣ್ಣ ಹೊಡೀರಿ ಎಂದರು. ನಾವು ಬರೆದುಕೊಂಡೆವು.

ಮಧ್ಯಾಹ್ನ ನಮ್ಮ ಪ್ರೋಗ್ರಾಂ ಆಫೀಸರ್ ಮೇಡಂ ನಕ್ಷೆಯ ಫೋಟೋ ನೋಡಿ ಒಂದೇ ಪ್ರಶ್ನೆ ಕೇಳಿದರು: ‘ಕಾಲೋನಿ ಎಲ್ಲಿ?’

ನಿಜ, ನಕ್ಷೆ ಕೆರೆ ಏರಿಯ ಹತ್ತಿರ ನಿಂತುಬಿಟ್ಟಿತ್ತು. ಏರಿಯ ಆಚೆಗಿನ ದಲಿತರ ಮನೆಗಳು ಅದರಲ್ಲಿ ಇರಲೇ ಇಲ್ಲ. ನಾವು ಕೂತ ಜಾಗವೇ ಅದಕ್ಕೆ ಕಾರಣ. ಆ ಗುಡಿಯ ಅಂಗಳಕ್ಕೆ ಅಲ್ಲಿಯವರು ಬರುವಂತಿರಲಿಲ್ಲ, ಅದನ್ನು ನಾವು ಯಾರನ್ನೂ ಕೇಳಿರಲಿಲ್ಲ.

ಸಂಜೆ ಅಲ್ಲೇ ಹೋದೆವು. ಕೂಲಿ ಮುಗಿಸಿ ಬಂದ ಹೆಂಗಸರು ಬೀದಿ ಮಧ್ಯದಲ್ಲೇ ನಕ್ಷೆ ಬರೆದರು. ಅದರಲ್ಲಿ ಮೊದಲು ಮೂಡಿದ್ದು ನಲ್ಲಿ, ಎರಡನೆಯದು ಬೆಳಿಗ್ಗೆ ಬಯಲಿಗೆ ಹೋಗುವ ದಾರಿ. ಒಬ್ಬ ಅಕ್ಕ ಆ ದಾರಿಯ ಮೇಲೆ ಒಂದು ಕಲ್ಲಿಟ್ಟು, ‘ಇಲ್ಲಿ ಲೈಟಿಲ್ಲ’ ಎಂದರು. ಬಸ್‌ಸ್ಟಾಂಡಿನ ಬಣ್ಣದ ಮಾತು ಯಾರೂ ಎತ್ತಲಿಲ್ಲ.

ಹಾಗಾಗಿ ಪುಸ್ತಕದಲ್ಲಿ ‘ಸಮುದಾಯದ ಅಗತ್ಯ ಗುರುತಿಸುವುದು’ ಎಂದು ಓದಿದಾಗಲೆಲ್ಲ ಇದನ್ನು ನೆನಪಿಡಿ. ನಾವು ಎಲ್ಲಿ ಕೂರುತ್ತೇವೆ, ಎಷ್ಟು ಹೊತ್ತಿಗೆ ಕರೆಯುತ್ತೇವೆ ಎನ್ನುವುದರ ಮೇಲೆಯೇ ಯಾರ ಮಾತು ನಮ್ಮ ಕಿವಿಗೆ ಬೀಳುತ್ತದೆ ಎಂಬುದು ತೀರ್ಮಾನವಾಗುತ್ತದೆ. ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಗೆ ಹೋದವರು ಹೇಗೆ ಬರುತ್ತಾರೆ? ಉತ್ತರ ಬರೆಯುವಾಗಲೂ ಈ ಅಂಶ ಬರೆಯಿರಿ.

ಒಂದು ಅರ್ಜಿಯ ಕತೆ

ಮನೆ ಮನೆ ಸರ್ವೆಯಲ್ಲಿ ಒಬ್ಬರು ಅಜ್ಜಿ ಸಿಕ್ಕರು. ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ತೆಗೆದು, ‘ನೋಡವ್ವ, ಎರಡ್ ಸಲ ವಾಪಸ್ ಬಂತು’ ಎಂದರು. ಅವರು ಹಾಕಿದ್ದು ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯ ಪಿಂಚಣಿಯ ಅರ್ಜಿ. 2007ರಲ್ಲಿ ಶುರುವಾದ ಈ ಯೋಜನೆಗೆ ಅರ್ಜಿ ಹಾಕುವವರಿಗೆ 65 ವರ್ಷ ಆಗಿರಬೇಕು. ಆಧಾರ್ ಪ್ರಕಾರ ಅವರಿಗೆ 59. ಹುಟ್ಟಿದ ದಿನ ಜನವರಿ 1 ಎಂದಿತ್ತು. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಹಿರಿಯರ ಕಾರ್ಡಿನಲ್ಲಿ ಹೀಗೇ ಇರುತ್ತದೆ, ನಿಮ್ಮ ಮನೆಯಲ್ಲೂ ಒಮ್ಮೆ ನೋಡಿ.

ನನ್ನ ಗೆಳತಿ ಫಾರಂ ಪಕ್ಕಕ್ಕಿಟ್ಟು ಸುಮ್ನೆ ಮಾತಿಗೆ ಕೂತಳು. ಯಜಮಾನರು ತೀರಿಕೊಂಡು ನಾಲ್ಕು ವರ್ಷ ಆಯಿತು ಎಂದು ಆಗ ಗೊತ್ತಾಯಿತು. ಹಾಗಿದ್ದರೆ ವಿಧವಾ ವೇತನಕ್ಕೆ ಹಾಕಬಹುದಲ್ವಾ? ಅದಕ್ಕೆ 65 ಆಗಬೇಕಿಲ್ಲ, 18 ದಾಟಿದ ಬಡ ವಿಧವೆಯರೂ ಹಾಕಬಹುದು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಆದರೆ ಗಂಡನ ಮರಣ ಪ್ರಮಾಣಪತ್ರ ಬೇಕು. ಸಾವನ್ನು 21 ದಿನದೊಳಗೆ ನೋಂದಣಿ ಮಾಡಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಆಗುವುದಿಲ್ಲ. ಇಲ್ಲಿ ನಾಲ್ಕು ವರ್ಷ ಆಗಿತ್ತು. ಅಷ್ಟರಲ್ಲಿ ನಮ್ಮ 7 ದಿನ ಮುಗಿದೇ ಹೋಯಿತು.

ಸೇವೆಯ 120 ಗಂಟೆ ಬೇಕಾಗುವುದು ಇಲ್ಲಿಯೇ. ಮುಂದಿನ ಐದು ತಿಂಗಳು ಶನಿವಾರ ಮಧ್ಯಾಹ್ನ ಇಬ್ಬಿಬ್ಬರು ಸರದಿಯಂತೆ ಹೋದೆವು. ಒಂದು ಶನಿವಾರ ನೋಂದಣಿ ಆಗಿಲ್ಲ ಎನ್ನುವ ಪತ್ರಕ್ಕೆ, ಒಂದು ಶನಿವಾರ ನೆರೆಯವರ ಸಾಕ್ಷಿಗೆ, ಒಂದು ಶನಿವಾರ ಪಾಸ್‌ಬುಕ್ಕಿನಲ್ಲಿ ಹೆಸರಿನ ಕಾಗುಣಿತ ಸರಿಮಾಡಿಸಲು. ನಾವು ಬರದ ದಿನ ಅಜ್ಜಿ ಕೂಲಿ ಬಿಟ್ಟು ನಾಡಕಚೇರಿಗೆ ಹೋಗಬೇಕಾಗುತ್ತಿತ್ತು. ನಮ್ಮ ಒಂದು ಗಂಟೆ ಅವರ ಒಂದು ದಿನದ ಕೂಲಿ ಉಳಿಸುತ್ತಿತ್ತು.

ಫೋಟೋ ಬಗ್ಗೆಯೂ ಒಂದು ಮಾತು. ಕಂಬಳಿ ಹಂಚುವಾಗ ಹತ್ತು ಮೊಬೈಲು ಎದ್ದು ನಿಲ್ಲುತ್ತವೆ. ತೆಗೆದುಕೊಳ್ಳುವವರು ತಲೆ ತಗ್ಗಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ವರದಿಗೆ ಫೋಟೋ ಬೇಕಾದರೆ ಕೆಲಸದ ಫೋಟೋ ತೆಗೆಯಿರಿ, ಮುಖ ಬೇಡ.

ಡೈರಿಯಲ್ಲಿ ಏನು ಬರೆಯಬೇಕು

ಪ್ರತಿ ಸ್ವಯಂಸೇವಕರೂ ಕೆಲಸದ ಡೈರಿ ಇಡಬೇಕು. ತಾರೀಕು, ಗಂಟೆ, ಕೆಲಸ, ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ನಾವು ಇನ್ನೊಂದು ಕಾಲಂ ಸೇರಿಸಿಕೊಂಡೆವು: ‘ಬಾಕಿ ಏನಿದೆ, ಮುಂದೆ ಯಾರು ಹೋಗಬೇಕು’. ಎರಡು ವರ್ಷಕ್ಕೆ ನಾವು ಕಾಲೇಜು ಬದಲಿಸುತ್ತೇವೆ, ಊರಿನವರು ಅಲ್ಲೇ ಇರುತ್ತಾರೆ. ಅಜ್ಜಿಯ ಖಾತೆಗೆ ಮೊದಲ ಕಂತು ಬಂದಾಗ ನನ್ನ 240 ಗಂಟೆ ಮುಗಿದಿತ್ತು. ಬ್ಯಾಂಕಿಗೆ ಅವರ ಜೊತೆ ಹೋದದ್ದು ಜೂನಿಯರ್ ಹುಡುಗ. ನಾನು ಬಿಟ್ಟು ಬಂದ ಡೈರಿಯ ಆ ಕಾಲಂ ಓದಿಯೇ ಅವನು ಹೋಗಿದ್ದ.